ಓಡ್ತಾ ಇರುವ ಜನರೇಟರಿಗೆ ಹೈಪಾಟ್ ಯಾಕೆ?

(ಮಂಗಳೂರಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ಎಂತ ಮಾರಾಯ್ರೆ, ಮಷೀನು ಸರಿಯಾಗಿಯೇ ಓಡ್ತಾ ಉಂಟಲ್ಲ? ಸುಮ್ನೆ ಅದಕ್ಕೆ ವೋಲ್ಟೇಜ್ ಹಾಕಿ ಯಾಕೆ ಹಾಳು ಮಾಡ್ತೀರಿ?" ಹೈಪಾಟ್, ಅಂದರೆ ಯಂತ್ರದ ಇನ್ಸುಲೇಶನ್ (ಕರೆಂಟ್ ಹೊರಗೆ ಹಾಯದಂತೆ ತಡೆಯುವ ಹೊದಿಕೆ) ತಾಳುತ್ತದಾ ಅಂತ ನೋಡಲು ಮಾಮೂಲಿಗಿಂತ ಜಾಸ್ತಿ ವೋಲ್ಟೇಜ್ ಹಾಕುವ ಟೆಸ್ಟ್ ಮಾಡಲು ಹೋದವರೆಲ್ಲ ಈ ಮಾತು ಕೇಳಿರುತ್ತಾರೆ. ಕೇಳುವವರು ದಡ್ಡರೇನಲ್ಲ. ಪ್ಲಾಂಟಿನ ಜವಾಬ್ದಾರಿ ಹೊತ್ತವರು. ಟೆಸ್ಟ್ ಮಾಡುವಾಗ ವೈಂಡಿಂಗ್ (ಒಳಗಿನ ತಾಮ್ರದ ಸುತ್ತು) ಹೋಯಿತು ಅಂದರೆ ಮೇಲಿನವರಿಗೆ ಉತ್ತರ ಹೇಳಬೇಕಾದವರು ಅವರೇ, ಟೆಸ್ಟ್ ಕಿಟ್ ತಂದ ನಾವಲ್ಲ. ಹಾಗಾಗಿ ಈ ಪ್ರಶ್ನೆಯನ್ನು ಗೌರವದಿಂದಲೇ ಎತ್ತಿಕೊಳ್ಳುತ್ತೇನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ವೋಲ್ಟೇಜ್ ಹಾಕಲೇಬೇಕು. ಆದರೆ ಯಾವತ್ತು ಹಾಕಬೇಕು, ಎಷ್ಟು ಹಾಕಬೇಕು, ಅದಕ್ಕೆ ಮುಂಚೆ ಏನೇನು ನೋಡಿರಬೇಕು ಎಂಬುದಕ್ಕೆ ಲೆಕ್ಕ ಇದೆ.

ದೊಡ್ಡ ಜನರೇಟರ್ ನೋಡಲು ನಾವು ದೂರ ಹೋಗಬೇಕಾಗಿಲ್ಲ. ಪಡುಬಿದ್ರಿ ಪಕ್ಕದ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಇವೆ. ಹೊಸಂಗಡಿಯಲ್ಲಿ ನೆಲದ ಒಳಗೆ ವಾರಾಹಿಯ 115 ಮೆಗಾವಾಟಿನ ನಾಲ್ಕು ಇವೆ. ಮಂಗಳೂರಿನ ದೊಡ್ಡ ಕಾರ್ಖಾನೆಗಳ ಒಳಗೂ ಸ್ವಂತ ವಿದ್ಯುತ್ ಘಟಕಗಳಿವೆ. ಗಾತ್ರ ಬೇರೆ, ತಿರುಗಿಸುವ ಶಕ್ತಿ ಬೇರೆ. ಆದರೆ ಇನ್ಸುಲೇಶನ್ ಕಥೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ.

ಸ್ಟೇಟರ್ ಅಂದರೆ ಜನರೇಟರಿನ ತಿರುಗದ ಭಾಗ, ಕಬ್ಬಿಣದ ತೆಳು ತಗಡುಗಳನ್ನು ಒಂದರ ಮೇಲೊಂದು ಜೋಡಿಸಿದ ದೊಡ್ಡ ಉರುಳೆ. ಒಳಮೈಯಲ್ಲಿ ಉದ್ದಕ್ಕೆ ಸ್ಲಾಟ್‌ಗಳು. ಪ್ರತಿ ಸ್ಲಾಟಿನಲ್ಲೂ ತಾಮ್ರದ ಬಾರ್ ಅಥವಾ ಕಾಯಿಲ್. ಕಬ್ಬಿಣ ಅರ್ತ್ ಆಗಿರುತ್ತದೆ, ತಾಮ್ರದಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ನಮ್ಮ ದೇಶದಲ್ಲಿ ಬಹಳ ಕಡೆ ಇರುವ 210 ಮೆಗಾವಾಟ್ ಯಂತ್ರದ ವೋಲ್ಟೇಜ್ 15.75 ಕಿಲೋವೋಲ್ಟ್, 500 ಮೆಗಾವಾಟಿನದು 21. ಸಣ್ಣ ಯಂತ್ರಗಳು ಹೆಚ್ಚಾಗಿ 11. ಇವತ್ತು ಲೆಕ್ಕಕ್ಕೆ ಸುಲಭ ಅಂತ 11 ಕಿಲೋವೋಲ್ಟಿನ ಯಂತ್ರವನ್ನೇ ಇಟ್ಟುಕೊಳ್ಳೋಣ. ಅದರಲ್ಲಿ ತಾಮ್ರಕ್ಕೂ ಕಬ್ಬಿಣಕ್ಕೂ ನಡುವೆ ಇರುವುದು ಸುಮಾರು ಮೂರು ಮಿಲಿಮೀಟರ್ ಇನ್ಸುಲೇಶನ್. ಅಷ್ಟೇ. ಅದು ಬಿಸಿ ತಾಳಬೇಕು. ಕರೆಂಟಿನ ಬಲಕ್ಕೆ ಬಾರ್‌ಗಳು ಸೆಕೆಂಡಿಗೆ 100 ಸಲ ಅದುರುತ್ತವೆ, ಅದನ್ನೂ ತಾಳಬೇಕು. ಹೀಗೆ ಮೂವತ್ತು ನಲವತ್ತು ವರ್ಷ.

ಈ ಕೆಲಸಕ್ಕೆ ನೂರು ವರ್ಷದಿಂದ ಒಂದೇ ವಸ್ತು ನಿಂತುಕೊಂಡಿದೆ: ಮೈಕಾ. ನಮ್ಮ ಹಿರಿಯರು ಕಾಗೆಬಂಗಾರ ಅನ್ನುತ್ತಿದ್ದ ಅದೇ ಹೊಳೆಯುವ ಕಲ್ಲು. ಜಾರ್ಖಂಡಿನ ಕೋಡರ್ಮಾ ಕಡೆಯ ಗಣಿಗಳಿಂದ ಒಂದು ಕಾಲದಲ್ಲಿ ಜಗತ್ತಿಗೆಲ್ಲ ಹೋಗುತ್ತಿತ್ತು. ಮೈಕಾ ಒಂಟಿಯಾಗಿ ನಿಲ್ಲುವುದಿಲ್ಲ, ಅಂಟು ಬೇಕು. ಮೊದಲು ಅರಗಿನಿಂದ ಮಾಡಿದ ಶೆಲ್ಯಾಕ್ ಇತ್ತು. ಆಮೇಲೆ ಡಾಮರಿನ ಜಾತಿಯ ಅಂಟು ಬಂತು. 1950ರ ನಂತರ ಪಾಲಿಯೆಸ್ಟರ್, ಎಪಾಕ್ಸಿ ಬಂದವು. ಈಗಿನ ಬಾರ್ ಮಾಡುವ ಕ್ರಮ ಕೇಳಿದರೆ ನಿಮಗೆ ಪತ್ರೊಡೆ ನೆನಪಾದೀತು. ಮೈಕಾ ಟೇಪನ್ನು ಎಲೆಯ ಹಾಗೆ ಪದರ ಪದರವಾಗಿ ಸುತ್ತುತ್ತಾರೆ, ನಡುವೆ ಹಿಟ್ಟಿನ ಹಾಗೆ ಎಪಾಕ್ಸಿ ತುಂಬಿ ಬೇಯಿಸುತ್ತಾರೆ. ಹಿಟ್ಟು ಎಲ್ಲಾದರೂ ಸರಿಯಾಗಿ ತುಂಬದೆ ಹೋದರೆ ಅಲ್ಲಿ ಗಾಳಿ ಉಳಿಯುತ್ತದೆ. ಪತ್ರೊಡೆಯಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ಜನರೇಟರಿನಲ್ಲಿ ಗೊತ್ತಾಗುತ್ತದೆ.

ಹೇಗೆ ಅಂತ ಹೇಳುತ್ತೇನೆ. ಗಾಳಿ ಮಿಲಿಮೀಟರಿಗೆ ಸುಮಾರು ಮೂರು ಕಿಲೋವೋಲ್ಟ್ ತಡೆಯುತ್ತದೆ. ಎಪಾಕ್ಸಿ ಮೈಕಾ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ತಡೆಯುತ್ತದೆ. ಆದರೆ ಮೈಕಾದ ನಡುವೆ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ, ಎಸಿ ವೋಲ್ಟೇಜಿನ ಒತ್ತಡ ಗುಳ್ಳೆಯ ಮೇಲೆ ಸುತ್ತಲಿನ ಮೈಕಾಕ್ಕಿಂತ ಸುಮಾರು ನಾಲ್ಕು ಪಟ್ಟು ಬೀಳುತ್ತದೆ. ದುರ್ಬಲನ ಮೇಲೆಯೇ ಜಾಸ್ತಿ ಹೊರೆ! ಗುಳ್ಳೆಯ ಒಳಗೆ ಸಣ್ಣ ಕಿಡಿ ಹಾರುತ್ತದೆ. ಇದೇ ಪಾರ್ಶಿಯಲ್ ಡಿಸ್ಚಾರ್ಜ್, ಕೆಲಸದ ಜಾಗದಲ್ಲಿ ಪಿಡಿ. ಮೈಕಾ ಇದನ್ನು ವರ್ಷಗಟ್ಟಲೆ ಸಹಿಸುತ್ತದೆ, ಅದು ಮೈಕಾದ ದೊಡ್ಡತನ. ಎಪಾಕ್ಸಿ ಸಹಿಸುವುದಿಲ್ಲ. ನಿಧಾನಕ್ಕೆ ಸವೆಯುತ್ತದೆ.

ಇನ್ನು ಟೆಸ್ಟ್‌ಗಳಿಗೆ ಬರೋಣ. ಎಲ್ಲರಿಗೂ ಗೊತ್ತಿರುವುದು ಮೆಗ್ಗರ್. ಇಂಗ್ಲೆಂಡಿನ ಸಿಡ್ನಿ ಎವರ್‌ಶೆಡ್ 1889ರಲ್ಲಿ ಇಂಥ ಒಯ್ಯಬಹುದಾದ ಮೀಟರ್ ಮಾಡಿದರು. ಆ ಹೆಸರು ನೋಂದಣಿಯಾದದ್ದು 1903ರಲ್ಲಿ. ಡಿಸಿ ವೋಲ್ಟೇಜ್ ಕೊಟ್ಟು, ಎಷ್ಟು ಕರೆಂಟ್ ಸೋರುತ್ತದೆ ಅಂತ ನೋಡಿ, ಮೆಗಾಓಮ್‌ನಲ್ಲಿ ಹೇಳುತ್ತದೆ. 11 ಕಿಲೋವೋಲ್ಟಿನ ಯಂತ್ರಕ್ಕೆ 2500 ಅಥವಾ 5000 ವೋಲ್ಟಿನ ಮೆಗ್ಗರ್ ಹಾಕುತ್ತಾರೆ. ಒಂದು ನಿಮಿಷಕ್ಕೆ ಒಂದು ರೀಡಿಂಗ್, ಹತ್ತನೇ ನಿಮಿಷಕ್ಕೆ ಇನ್ನೊಂದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಪೋಲರೈಸೇಶನ್ ಇಂಡೆಕ್ಸ್, ಅಂದರೆ ಪಿಐ.

ಒಳ್ಳೆಯ ವೈಂಡಿಂಗಿನಲ್ಲಿ ಹತ್ತು ನಿಮಿಷವೂ ಮುಳ್ಳು ಮೇಲೆ ಏರುತ್ತಾ ಇರುತ್ತದೆ. ಇನ್ಸುಲೇಶನ್ನಿನ ಒಳಗಿನ ಕಣಗಳು ವೋಲ್ಟೇಜಿಗೆ ಹೊಂದಿಕೊಳ್ಳಲು ಎಳೆದುಕೊಳ್ಳುವ ಕರೆಂಟ್ ನಿಧಾನಕ್ಕೆ ಕಡಿಮೆಯಾಗುತ್ತದೆ, ಅದಕ್ಕೆ. ಒಂದು ನಿಮಿಷಕ್ಕೆ 800 ಮೆಗಾಓಮ್ ತೋರಿಸಿ ಹತ್ತಕ್ಕೆ 2400 ತೋರಿಸಿದರೆ ಪಿಐ 3. ನೆಮ್ಮದಿ. ಆದರೆ ವೈಂಡಿಂಗ್ ಮೇಲೆ ತೇವ, ಉಪ್ಪು, ಎಣ್ಣೆ ಬೆರೆತ ಧೂಳು ಕೂತಿದ್ದರೆ ಸೋರುವ ಕರೆಂಟೇ ಜೋರಾಗಿ, ಮುಳ್ಳು ಇದ್ದಲ್ಲೇ ನಿಲ್ಲುತ್ತದೆ. ಪಿಐ 1ರ ಹತ್ತಿರ. ಐಇಇಇ 43 ಎಂಬ ಮಾನದಂಡದ ಪ್ರಕಾರ ಈಗಿನ ಇನ್ಸುಲೇಶನ್ನಿಗೆ ಪಿಐ ಕಡಿಮೆಯೆಂದರೂ 2 ಇರಬೇಕು. ರೀಡಿಂಗು 40 ಡಿಗ್ರಿಗೆ ಸರಿದೂಗಿಸಿದ ಮೇಲೆ 100 ಮೆಗಾಓಮ್ ಇರಬೇಕು. 1970ಕ್ಕಿಂತ ಹಿಂದಿನ ವೈಂಡಿಂಗಿಗೆ ರಿಯಾಯಿತಿ ಇದೆ: ಕಿಲೋವೋಲ್ಟಿಗೆ ಒಂದು ಕೂಡಿಸಿ. 11ಕ್ಕೆ 12 ಮೆಗಾಓಮ್ ಇದ್ದರೆ ಸಾಕು.

ನಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ಈ ಲೆಕ್ಕವೆಲ್ಲ ತಲೆಕೆಳಗೆ. ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಇದು. ಮಳೆಗಾಲದಲ್ಲಿ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆ ಅಂದರೆ, ಯಾವುದೇ ವಸ್ತು 24 ಡಿಗ್ರಿ ಆಸುಪಾಸಿಗೆ ತಣಿದರೆ ಅದರ ಮೇಲೆ ನೀರು ಕೂರುತ್ತದೆ. ನಿಲ್ಲಿಸಿಟ್ಟ ಜನರೇಟರ್ ರಾತ್ರಿ ಅಷ್ಟಕ್ಕೇ ಇಳಿಯುತ್ತದೆ. ಅದಕ್ಕೇ ಯಂತ್ರದ ಒಳಗೆ ಸ್ಪೇಸ್ ಹೀಟರ್ ಇಟ್ಟಿರುವುದು. ಹೀಟರಿನ ಬ್ರೇಕರ್ ಯಾರೋ ಆಫ್ ಮಾಡಿ ಹೋಗಿರುತ್ತಾರೆ. ಬೆಳಿಗ್ಗೆ ಮೆಗ್ಗರ್ ಹಾಕಿದರೆ 4 ಮೆಗಾಓಮ್! ಹೊಸಬರು ಗಾಬರಿಯಾಗುತ್ತಾರೆ. ಅದು ವೈಂಡಿಂಗ್ ಹಾಳಾದ ಲಕ್ಷಣವಲ್ಲ, ಒದ್ದೆಯಾದ ಲಕ್ಷಣ.

ಒಣಗಿಸಬೇಕು. ಒಣಗಿಸುವಾಗ ಒಂದು ವಿಚಿತ್ರ ನೋಡುತ್ತೀರಿ. ಬಿಸಿ ಗಾಳಿ ಬಿಟ್ಟ ಮೊದಲ ಕೆಲವು ಗಂಟೆ ರೀಡಿಂಗ್ ಏರುವ ಬದಲು ಇಳಿಯುತ್ತದೆ. ಬಿಸಿ ಏರಿದಂತೆ ಇನ್ಸುಲೇಶನ್ ರೆಸಿಸ್ಟೆನ್ಸ್ ಕಡಿಮೆಯಾಗುತ್ತದೆ. ಹಳೆಯ ಲೆಕ್ಕದಲ್ಲಿ ಹತ್ತು ಡಿಗ್ರಿಗೆ ಅರ್ಧ. ಆಮೇಲೆ ಸ್ವಲ್ಪ ಹೊತ್ತು ಅಲುಗಾಡದೆ ನಿಲ್ಲುತ್ತದೆ. ನೀರು ಹೊರಗೆ ಹೋಗಲು ಶುರುವಾದ ಮೇಲೆ ಏರಲು ಹಿಡಿಯುತ್ತದೆ. ಮೊದಲ ಇಳಿತ ನೋಡಿ ಹೆದರಿ ಹೀಟರ್ ಬಂದ್ ಮಾಡಿಸಿದವರಿದ್ದಾರೆ. ಗಂಟೆಗೊಂದು ರೀಡಿಂಗ್ ಬರೆದು ಗ್ರಾಫ್ ಎಳೆದರೆ ಈ ಗೊಂದಲವೇ ಇರುವುದಿಲ್ಲ.

ಹಾಗಾದರೆ ಪಿಐ 5 ಬಂತು, ಎಲ್ಲಾ ಸರಿ ಅಂತಲಾ? ಅಲ್ಲ. ಮೆಗ್ಗರಿಗೆ ತೇವ ಕಾಣುತ್ತದೆ, ಕೊಳೆ ಕಾಣುತ್ತದೆ. ಮೈಕಾ ಪದರಗಳು ಒಳಗೊಳಗೇ ಬಿಟ್ಟುಕೊಂಡಿದ್ದರೆ ಕಾಣುವುದಿಲ್ಲ. ಡಿಸಿಗೆ ಒಣ ಗಾಳಿಯ ಗುಳ್ಳೆಯೂ ಒಳ್ಳೆಯ ಇನ್ಸುಲೇಟರೇ. ಶೆಲ್ಯಾಕ್, ಡಾಮರಿನ ಕಾಲದ ಹಳೇ ವೈಂಡಿಂಗ್‌ಗಳಲ್ಲಿ ಪಿಐ 8 ದಾಟಿದರೆ ಖುಷಿಪಡುವ ಬದಲು ಅನುಮಾನ ಪಡಬೇಕು. ಅಂಟೆಲ್ಲ ಒಣಗಿ ಪುಡಿಪುಡಿ ಆಗಿರಬಹುದು.

ಒಳಗಿನ ಗುಳ್ಳೆ ತಿಳಿಯಲು ಎಸಿ ಬೇಕು. ಟ್ಯಾನ್ ಡೆಲ್ಟಾ ಟೆಸ್ಟ್ ಇರುವುದು ಅದಕ್ಕೆ. ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಇನ್ಸುಲೇಶನ್ನಿನ ಒಳಗೆ ಎಷ್ಟು ಶಕ್ತಿ ನಷ್ಟವಾಗುತ್ತದೆ ಅಂತ ಅಳೆಯುತ್ತಾರೆ. ಒಳ್ಳೆಯ ಎಪಾಕ್ಸಿ ಮೈಕಾದಲ್ಲಿ ಅದು ಶೇಕಡಾ ಅರ್ಧದಿಂದ ಒಂದರ ಒಳಗೆ. ಗುಳ್ಳೆಗಳಿದ್ದರೆ ವೋಲ್ಟೇಜ್ ಏರಿದಂತೆ ಅವು ಒಂದೊಂದಾಗಿ ಕಿಡಿ ಹಾರಿಸಲು ಶುರುಮಾಡುತ್ತವೆ, ನಷ್ಟವೂ ಏರುತ್ತದೆ. ಏರಿದ ಆ ವ್ಯತ್ಯಾಸಕ್ಕೆ ಟಿಪ್ ಅಪ್ ಅನ್ನುತ್ತಾರೆ. ಇದರಲ್ಲೂ ಒಂದು ಮೋಸ ಇದೆ. ಬಾರ್ ಸ್ಲಾಟಿನಿಂದ ಹೊರಬರುವ ಜಾಗದಲ್ಲಿ ಒತ್ತಡ ಹಂಚಲು ಸಿಲಿಕಾನ್ ಕಾರ್ಬೈಡ್ ಲೇಪ ಹಾಕಿರುತ್ತಾರೆ. ವೋಲ್ಟೇಜ್ ಏರಿದಂತೆ ಆ ಲೇಪವೂ ಶಕ್ತಿ ನುಂಗುತ್ತದೆ. ಇಡೀ ವೈಂಡಿಂಗಿನ ಟಿಪ್ ಅಪ್ ಒಂದನ್ನೇ ನೋಡಿ ತೀರ್ಪು ಕೊಡಬೇಡಿ. ಅದೇ ಯಂತ್ರದ ಹಿಂದಿನ ಓವರ್‌ಹಾಲ್‌ನ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬ್ಲ್ಯಾಕ್‌ಔಟ್ ಟೆಸ್ಟ್. ರೋಟರ್, ಅಂದರೆ ತಿರುಗುವ ಭಾಗ, ಹೊರಗೆ ತೆಗೆದ ಮೇಲೆ ಸ್ಟೇಟರ್ ಸುತ್ತ ಕಪ್ಪು ಟಾರ್ಪಾಲ್ ಕಟ್ಟುತ್ತಾರೆ. ಒಬ್ಬರೂ ಒಳಗಿಲ್ಲ ಅಂತ ತಲೆ ಎಣಿಸಿ, ಬ್ಯಾರಿಕೇಡಿನ ಆಚೆ ನಿಂತು ದೀಪ ಆರಿಸುತ್ತಾರೆ. ಮೊಬೈಲ್ ಕೂಡ ತೆಗೆಯುವ ಹಾಗಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಕಾಲು ಗಂಟೆಯಾದರೂ ಬೇಕು. ಆಮೇಲೆ ಒಂದು ಫೇಸಿಗೆ ವೋಲ್ಟೇಜ್ ಏರಿಸುತ್ತಾರೆ. ಮೊದಲು ಸಣ್ಣ ಗುಂಯ್ ಸದ್ದು. ಆಮೇಲೆ ಮೂಗಿಗೆ ಓಝೋನ್ ವಾಸನೆ. ಕೊನೆಗೆ ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆ, ಹೆಚ್ಚಾಗಿ ಸ್ಲಾಟಿನ ಬಾಯಲ್ಲಿ, ಅಥವಾ ಬೇರೆ ಬೇರೆ ಫೇಸಿನ ಬಾರ್‌ಗಳು ಹತ್ತಿರ ಬರುವ, ಸ್ಲಾಟಿನಿಂದ ಹೊರಗೆ ಚಾಚಿದ ಓವರ್‌ಹ್ಯಾಂಗಿನಲ್ಲಿ. ಎಷ್ಟನೇ ಸ್ಲಾಟ್ ಅಂತ ಗುರುತು ಹಾಕಿಕೊಳ್ಳಬೇಕು. ಬೆಳಕು ಹಾಕಿ, ಅರ್ತ್ ಮಾಡಿ ಹೋಗಿ ನೋಡಿದರೆ ಅದೇ ಜಾಗದಲ್ಲಿ ಬಿಳಿ ಪುಡಿ ಸಿಗುತ್ತದೆ. ಓಝೋನ್, ಗಾಳಿಯ ನೈಟ್ರೋಜನ್, ತೇವ ಸೇರಿ ಹುಟ್ಟಿದ ಆಮ್ಲ ಅಲ್ಲಿನ ಲೇಪವನ್ನು ತಿಂದ ಗುರುತು ಅದು. ಈಗ ಅಲ್ಟ್ರಾವಯಲೆಟ್ ಕ್ಯಾಮರಾ ಬಂದಿದೆ, ದೀಪ ಇದ್ದರೂ ಕಾಣಿಸುತ್ತದೆ. ಸುರಕ್ಷತೆ ದೃಷ್ಟಿಯಿಂದ ಅದೇ ಒಳ್ಳೆಯದು. ಆದರೂ ಕಣ್ಣಾರೆ ನೋಡಿದ ಕೆಲಸಗಾರ ಆಮೇಲೆ ಪಿಡಿ ಅನ್ನುವ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಈಗ ಹೈಪಾಟ್. ಹೊಸ ಯಂತ್ರಕ್ಕೆ ಕಾರ್ಖಾನೆಯಲ್ಲಿ ಕೊಡುವ ವೋಲ್ಟೇಜ್, ರೇಟಿಂಗಿನ ಎರಡರಷ್ಟಕ್ಕೆ ಒಂದು ಕಿಲೋವೋಲ್ಟ್ ಕೂಡಿಸಿ, ಒಂದು ನಿಮಿಷ. 11ಕ್ಕೆ 23 ಕಿಲೋವೋಲ್ಟ್. ಓಡಿದ ಯಂತ್ರಕ್ಕೆ ಅಷ್ಟು ಕೊಡುವುದಿಲ್ಲ. ರೇಟಿಂಗಿನ ಒಂದೂಕಾಲರಿಂದ ಒಂದೂವರೆ ಪಟ್ಟು. ಒಂದೂವರೆ ಅಂದರೆ 16.5 ಕಿಲೋವೋಲ್ಟ್ ಎಸಿ. ಡಿಸಿಯಲ್ಲಿ ಮಾಡುವುದಾದರೆ ಅದರ 1.7 ಪಟ್ಟು, 28 ಕಿಲೋವೋಲ್ಟ್.

"ಓಡುವಾಗ ಫೇಸಿಗೂ ಅರ್ತಿಗೂ ಇರುವುದು 6.35 ಮಾತ್ರ, 16.5 ಯಾಕೆ?" ಸರಿಯಾದ ಪ್ರಶ್ನೆ. 11 ಅನ್ನುವುದು ಎರಡು ಫೇಸ್‌ಗಳ ನಡುವಿನ ಲೆಕ್ಕ. ಎಲ್ಲೋ ಒಂದು ಫೇಸ್ ಅರ್ತ್ ಆಯಿತು ಅಂದುಕೊಳ್ಳಿ. ಉಳಿದ ಎರಡು ಫೇಸ್ ತಕ್ಷಣ ಅರ್ತಿಗಿಂತ 11 ಕಿಲೋವೋಲ್ಟ್ ಮೇಲೆ ಹೋಗುತ್ತವೆ. ಬ್ರೇಕರ್ ತೆರೆಯುವಾಗ, ಸಿಡಿಲಿನ ಅಲೆ ಬಂದಾಗ ಇನ್ನೂ ಜಾಸ್ತಿ. ನಮ್ಮ ಘಟ್ಟದ ಬುಡದಲ್ಲಿ ಏಪ್ರಿಲ್ ಮೇ ತಿಂಗಳ ಸಿಡಿಲು ಹೇಗಿರುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾ? 16.5 ಕಿಲೋವೋಲ್ಟನ್ನು ಒಂದು ನಿಮಿಷ ತಾಳಲಾಗದ ವೈಂಡಿಂಗ್, ಇಂಥ ಒಂದು ಹೊಡೆತಕ್ಕಾಗಿ ಕಾದು ಕೂತಿದೆ ಅಂತಲೇ ಅರ್ಥ.

ಹೊಡೆತ ಓಡುವಾಗ ಬಿದ್ದರೆ ಏನಾಗುತ್ತದೆ? ಮೂರೂ ಫೇಸ್ ಸೇರುವ ನ್ಯೂಟ್ರಲ್‌ನಲ್ಲಿ ಕರೆಂಟ್ ತಡೆಯುವ ರೆಸಿಸ್ಟರ್ ಇರುವುದರಿಂದ ಒಂದು ಫೇಸ್ ಅರ್ತ್ ಆದರೆ ಹರಿಯುವುದು ಹತ್ತು ಆಂಪಿಯರ್ ಆಸುಪಾಸು. ಅಷ್ಟಕ್ಕೇ ಟ್ರಿಪ್ ಆದರೆ ಪುಣ್ಯ. ಅದೇ ಹೊತ್ತಿಗೆ ಎರಡನೇ ಫೇಸಿನಲ್ಲೂ ಇನ್ಸುಲೇಶನ್ ಬಿಟ್ಟುಕೊಟ್ಟರೆ ಸಾವಿರಾರು ಆಂಪಿಯರ್. ತಾಮ್ರ ಕರಗಿ ಕಬ್ಬಿಣದ ತಗಡುಗಳಿಗೆ ಅಂಟುತ್ತದೆ. ಬಾರ್ ಬದಲಾಯಿಸಬಹುದು, ಕೋರ್, ಅಂದರೆ ಆ ಕಬ್ಬಿಣದ ಉರುಳೆ, ಸುಟ್ಟರೆ ತಿಂಗಳುಗಟ್ಟಲೆ ಕೆಲಸ. ಟೆಸ್ಟ್ ಕಿಟ್‌ನಲ್ಲಿ ಹಾಗಲ್ಲ. ಟಪ್ ಅಂತ ಒಂದು ಸದ್ದು, ಕಿಟ್ ಟ್ರಿಪ್. ಡಿಸಿ ಕಿಟ್ ಆದರೆ ಅದು ಕೊಡುವುದೇ ಮಿಲಿಆಂಪಿಯರ್ ಲೆಕ್ಕದಲ್ಲಿ. ತೂತು ಸೂಜಿಯಷ್ಟು, ಕೋರ್ ಹಾಗೇ ಉಳಿಯುತ್ತದೆ. ಹೇಗೂ ಹೋಗಲಿದ್ದ ಬಾರ್, ನಾವು ಗೊತ್ತುಮಾಡಿದ ದಿನ ಹೋಗಲಿ ಅನ್ನುವುದೇ ನನ್ನ ವಾದ.

ಆ ದಿನ ಯಾವುದು ಎಂಬಲ್ಲಿ ನನಗೆ ಬಹಳ ಜನರ ಜೊತೆ ಜಗಳ ಇದೆ. ಓವರ್‌ಹಾಲ್‌ನ ಕೊನೆಯ ದಿನ, ನಾಳೆ ಗ್ರಿಡ್ಡಿಗೆ ಸೇರಿಸುತ್ತೇವೆ ಅನ್ನುವಾಗ, ಸಂಜೆ ಆರಕ್ಕೆ ನಮ್ಮನ್ನು ಕರೆಸುತ್ತಾರೆ. ಆಗ ಫೇಲ್ ಆದರೆ ಯಾರಿಗೆ ಬೇಕು? ಎಲ್ಲರಿಗೂ ಪಾಸ್ ಆಗಲಿ ಅನ್ನುವ ಆಸೆ, ಒತ್ತಡ. ಹೈಪಾಟ್ ಶಟ್‌ಡೌನಿನ ಶುರುವಿನಲ್ಲೇ ಆಗಬೇಕು. ಸ್ಟೋರಿನಲ್ಲಿ ಸ್ಪೇರ್ ಬಾರ್ ಇರಬೇಕು. ವೈಂಡಿಂಗ್ ಕೆಲಸ ಗೊತ್ತಿರುವವರು ಸಿಗುವಂತಿರಬೇಕು. ಮೆಗ್ಗರ್, ಪಿಐ ಪಾಸ್ ಆಗಿರಬೇಕು. ಒದ್ದೆ ವೈಂಡಿಂಗಿಗೆ ಹೈಪಾಟ್ ಹಾಕುವುದು ಟೆಸ್ಟ್ ಅಲ್ಲ, ಹಿಂಸೆ. ಇಷ್ಟೂ ಇಲ್ಲದಿದ್ದರೆ ಶುರುವಿನಲ್ಲಿ ಹೇಳಿದ ಆ ಪ್ಲಾಂಟಿನವರ ಮಾತೇ ಸರಿ, ಹಾಕಬೇಡಿ.

ಎಸಿಯಾ ಡಿಸಿಯಾ? ಸ್ವಲ್ಪ ಲೆಕ್ಕ ಮಾಡೋಣ. ದೊಡ್ಡ ಹೈಡ್ರೋ ಯಂತ್ರದ ಒಂದು ಫೇಸಿನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) 1 ಮೈಕ್ರೋಫ್ಯಾರಡ್ ಅಂತಿಟ್ಟುಕೊಳ್ಳಿ. 16.5 ಕಿಲೋವೋಲ್ಟ್, 50 ಹರ್ಟ್ಸ್‌ನಲ್ಲಿ ಅದು ಎಳೆಯುವ ಕರೆಂಟ್ ಸುಮಾರು 5.2 ಆಂಪಿಯರ್. ಅಂದರೆ 85 ಕೆವಿಎ. ಅಷ್ಟು ದೊಡ್ಡ ಕಿಟ್ಟನ್ನು ವಾರಾಹಿಯಂಥ ನೆಲದಡಿಯ ವಿದ್ಯುದಾಗಾರಕ್ಕೆ ಇಳಿಸುವುದು ಒಂದು ಸಾಹಸವೇ. ಅದಕ್ಕೇ ಡಿಸಿ ಇಷ್ಟಪಡುತ್ತಾರೆ, ಕಿಟ್ಟು ಕೈಯಲ್ಲಿ ಹಿಡಿದು ಹೋಗಬಹುದು. ಹಂತ ಹಂತವಾಗಿ ಏರಿಸುತ್ತಾ ಕರೆಂಟಿನ ಗ್ರಾಫ್ ಎಳೆದರೆ, ಗೆರೆ ಮೇಲಕ್ಕೆ ಬಾಗಿದ ಕೂಡಲೇ ನಿಲ್ಲಿಸಬಹುದು. ಆದರೆ ಡಿಸಿ ವೋಲ್ಟೇಜ್ ಹಂಚಿಕೆಯಾಗುವುದು ರೆಸಿಸ್ಟೆನ್ಸ್ ಪ್ರಕಾರ, ಎಸಿ ಕೆಪಾಸಿಟೆನ್ಸ್ ಪ್ರಕಾರ. ಓವರ್‌ಹ್ಯಾಂಗಿನ ಕೊಳೆ, ಬಿರುಕು ಡಿಸಿಗೆ ಚೆನ್ನಾಗಿ ಸಿಗುತ್ತದೆ. ಸ್ಲಾಟಿನ ಒಳಗಿನ ಸವೆತ ಎಸಿಗೆ. ಯಂತ್ರ ಓಡುವುದು ಎಸಿಯಲ್ಲಿ, ಹಾಗಾಗಿ ಸಾಧ್ಯವಿದ್ದಲ್ಲಿ ಎಸಿಗೇ ನನ್ನ ಓಟು. ನಡುವಿನ ದಾರಿ, ತೀರಾ ನಿಧಾನಕ್ಕೆ ಏರಿಳಿಯುವ ಎಸಿ ಕೊಡುವ 0.1 ಹರ್ಟ್ಸ್‌ನ ವಿಎಲ್‌ಎಫ್ ಕಿಟ್, ಕರೆಂಟ್ 500ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೀರಿನಿಂದ ತಣಿಸುವ ಸ್ಟೇಟರ್‌ಗಳಲ್ಲಿ, ಹೈಡ್ರೋಜನ್ ತುಂಬಿದ ಯಂತ್ರಗಳಲ್ಲಿ ಬೇರೆಯದೇ ಕಟ್ಟುನಿಟ್ಟು ಇದೆ. ಇವತ್ತು ಅದಕ್ಕೆ ಹೋಗುವುದಿಲ್ಲ.

ಒಂದು ವಿಷಯ ಮಾತ್ರ ಬಿಡುವ ಹಾಗಿಲ್ಲ. ಟೆಸ್ಟ್ ಮಾಡುವಾಗ ಉಳಿದೆರಡು ಫೇಸ್, ರೋಟರ್, ಬಿಸಿ ಅಳೆಯುವ ಆರ್‌ಟಿಡಿಗಳ ವೈರ್‌ಗಳು ಎಲ್ಲಾ ಅರ್ತ್ ಆಗಿರಬೇಕು, ಸಿಟಿ (ಕರೆಂಟ್ ಅಳೆಯಲು ಬಳಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಸೆಕೆಂಡರಿಗಳು ಶಾರ್ಟ್ ಆಗಿರಬೇಕು. ಮುಗಿದ ಮೇಲೆ ಡಿಸ್ಚಾರ್ಜ್. ಅದೇ 1 ಮೈಕ್ರೋಫ್ಯಾರಡ್‌ನಲ್ಲಿ 28 ಕಿಲೋವೋಲ್ಟ್ ಡಿಸಿ ತುಂಬಿದರೆ ಕೂತಿರುವುದು ಸುಮಾರು 390 ಜೂಲ್. ಹೃದಯ ನಿಲ್ಲಿಸಲು ಬೇಕಾದಷ್ಟಾಯಿತು. ಡಿಸ್ಚಾರ್ಜ್ ರಾಡ್ ಮುಟ್ಟಿಸಿ ಚಟ್ ಅಂದಿತು, ಆಯಿತು ಅಂತ ತೆಗೆದುಬಿಟ್ಟರೆ ಐದು ನಿಮಿಷದಲ್ಲಿ ವೋಲ್ಟೇಜ್ ಮತ್ತೆ ಹುಟ್ಟುತ್ತದೆ. ಇನ್ಸುಲೇಶನ್ ಹೀರಿಕೊಂಡ ಚಾರ್ಜ್ ನಿಧಾನಕ್ಕೆ ಹೊರಬರುತ್ತದೆ. ನಿಯಮ ಏನೆಂದರೆ ಎಷ್ಟು ಹೊತ್ತು ಚಾರ್ಜ್ ಮಾಡಿದ್ದೀರೋ ಅದರ ನಾಲ್ಕು ಪಟ್ಟು ಹೊತ್ತು ಅರ್ತ್ ಕಟ್ಟಿರಬೇಕು. ಹತ್ತು ನಿಮಿಷದ ಪಿಐಗೆ ನಲವತ್ತು ನಿಮಿಷ. ಊಟಕ್ಕೆ ಹೊತ್ತಾಯಿತು ಅಂತ ಯಾರೇ ಅವಸರ ಮಾಡಿದರೂ ನಲವತ್ತು ಅಂದರೆ ನಲವತ್ತೇ.

ಇನ್ನು ಪ್ರಶ್ನೆಗಳು. ವಿದ್ಯುದಾಗಾರದಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಕೇಳಿದರು: "ಈಗ ಯಂತ್ರ ಓಡುವಾಗಲೇ ಪಿಡಿ ಅಳೆಯುವ ಕಪ್ಲರ್ ಹಾಕುತ್ತಾರಲ್ಲ. ಅದಿದ್ದ ಮೇಲೆ ಹೈಪಾಟ್ ಎಂತಕ್ಕೆ?"

ಒಳ್ಳೆಯ ಪ್ರಶ್ನೆ ಸಾರ್. ಪ್ರತಿ ಫೇಸಿಗೆ 80 ಪಿಕೋಫ್ಯಾರಡ್‌ನ ಕೆಪಾಸಿಟರ್ ಕೂರಿಸಿ ಪಿಡಿ ನೋಡುವುದು ಈಗ ಮಾಮೂಲಿ. ಆರು ತಿಂಗಳಲ್ಲಿ ರೀಡಿಂಗ್ ದುಪ್ಪಟ್ಟಾದರೆ ಕಿವಿ ನಿಮಿರಬೇಕು. ಹಾಕಿಸಲೇಬೇಕು ಅನ್ನುವವನು ನಾನು. ಆದರೆ ಪಿಡಿ ಹುಟ್ಟುವುದು ವೋಲ್ಟೇಜ್ ಇರುವಲ್ಲಿ. ಲೈನ್ ಕಡೆಯ ಬಾರ್‌ಗಳಲ್ಲಿ 6.35 ಕಿಲೋವೋಲ್ಟ್, ನ್ಯೂಟ್ರಲ್ ಕಡೆಯ ಬಾರ್‌ಗಳಲ್ಲಿ ಹೆಚ್ಚುಕಡಿಮೆ ಸೊನ್ನೆ. ಅಲ್ಲಿ ಬಾರ್ ಬಿರುಕು ಬಿಟ್ಟಿದ್ದರೂ, ಬಾರನ್ನು ಸ್ಲಾಟಿನಲ್ಲಿ ಹಿಡಿದಿಡುವ ವೆಜ್ ಸಡಿಲವಾಗಿ ಅದುರಿ ಸವೆದಿದ್ದರೂ ಕಪ್ಲರಿಗೆ ಸುದ್ದಿಯೇ ಇಲ್ಲ. ಹೈಪಾಟ್ ಇಡೀ ಫೇಸನ್ನು ಒಂದೇ ಸಮ ಎತ್ತುತ್ತದೆ. ಇದೇ ಕಾರಣಕ್ಕೆ ಕೆಲವು ಹಳೇ ಯಂತ್ರಗಳಲ್ಲಿ ಲೈನ್ ಮತ್ತು ನ್ಯೂಟ್ರಲ್ ತುದಿಗಳನ್ನು ಅದಲು ಬದಲು ಮಾಡುವುದೂ ಉಂಟು. ದಣಿದ ಬಾರ್‌ಗಳಿಗೆ ವಿಶ್ರಾಂತಿ, ಸುಮ್ನೆ ಕೂತವುಗಳಿಗೆ ಕೆಲಸ. ವೈಂಡಿಂಗಿನ ಆಯುಸ್ಸು ಹಲವು ವರ್ಷ ಮುಂದೆ ಹೋಗುತ್ತದೆ.

ಕೊನೆಯ ಪ್ರಶ್ನೆ ಪುತ್ತೂರು ಕಡೆಯ ಕೃಷಿಕರೊಬ್ಬರದು. "ಜನರೇಟರ್ ಇರಲಿ, ನಮ್ಮ ತೋಟದ ಕೆರೆಯ ಪಂಪು ಪ್ರತಿ ವರ್ಷ ಡಿಸೆಂಬರಿನಲ್ಲಿ ಸ್ಟಾರ್ಟ್ ಮಾಡಿದ ದಿನವೇ ಸುಡುತ್ತದೆ. ಇದಕ್ಕೆ ಏನಾದರೂ ಉಂಟಾ?"

ಉಂಟು. ಜೂನ್‌ನಿಂದ ಮಳೆ ಮುಗಿಯುವವರೆಗೆ ಮೋಟಾರ್ ನಿಂತೇ ಇರುತ್ತದೆ, ಕಾಯಿಲ್ ಒದ್ದೆ. ಸ್ವಿಚ್ ಒತ್ತುವ ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ಮೆಗ್ಗರ್ ಹಾಕಿಸಿ. 415 ವೋಲ್ಟಿನ ಮೋಟಾರಿಗೆ 500 ವೋಲ್ಟಿನ ಮೆಗ್ಗರ್ ಸಾಕು. 5 ಮೆಗಾಓಮ್‌ಗಿಂತ ಕಡಿಮೆ ಬಂದರೆ ಸ್ಟಾರ್ಟ್ ಮಾಡಬೇಡಿ. ಸಪ್ಲೈ ತೆಗೆದು, ಮೋಟಾರ್ ಕಳಚಿ, ಬಿಸಿಲಿಗಿಡಿ. ಇಲ್ಲವೇ ಒಂದು ಪೆಟ್ಟಿಗೆಯಲ್ಲಿಟ್ಟು ಪಕ್ಕದಲ್ಲಿ 100 ವಾಟಿನ ಹಳೇ ಬಲ್ಬ್ ಉರಿಸಿ, ಮುಟ್ಟದ ಹಾಗೆ. ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಬಿಟ್ಟರೆ ಏನೂ ಸಿಗದು. ಒಂದೆರಡು ದಿನ ಬಿಟ್ಟು ಮತ್ತೆ ಮೆಗ್ಗರ್ ಹಾಕಿ. ಬಿಸಿ ಇರುವಾಗ ಕಡಿಮೆ ತೋರಿಸಿದರೆ ತಣಿದ ಮೇಲೆ ಇನ್ನೊಮ್ಮೆ ನೋಡಿ. ಏರಿದ್ದರೆ ಧೈರ್ಯವಾಗಿ ಸ್ಟಾರ್ಟ್ ಮಾಡಿ. ಏರದಿದ್ದರೆ ರಿವೈಂಡಿಂಗಿಗೆ ಕೊಡಿ. ಬರುವ ಮಳೆಗಾಲಕ್ಕೆ ಸಾಧ್ಯವಾದರೆ ಮೋಟಾರನ್ನು ಪಂಪ್‌ಶೆಡ್ಡಿನಲ್ಲೇ ಬಿಡದೆ ಮನೆಯ ಅಟ್ಟಕ್ಕೆ ಹಾಕಿ. ಅಡುಗೆಮನೆಯ ಮೇಲಿನ ಅಟ್ಟ ಆದರೆ ಇನ್ನೂ ಒಳ್ಳೆಯದು, ಒಲೆಯ ಬಿಸಿಗೆ ಒಣಗಿರುತ್ತದೆ.